ಪವಿತ್ರತೆಯ ಸಾರ್ವತ್ರಿಕ ಕರೆ

ಪವಿತ್ರತೆಯ ಸಾರ್ವತ್ರಿಕ ಕರೆ: ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ, ಗುರುಗಳಾಗಲಿ ಗೃಹಸ್ಥರಾಗಲಿ, ತಾವಿರುವ ನೆಲೆಯಲ್ಲೇ ಸಂತರಾಗಿ ಬಾಳಬೇಕು ಎಂಬ ಕಥೋಲಿಕ ಧರ್ಮಸಭೆಯ ಬೋಧನೆ. ದ್ವಿತೀಯ ವ್ಯಾಟಿಕನ್ ಮಹಾಸಭೆ (1962–65) ಅಂಗೀಕರಿಸಿ, 1964ರ ನವೆಂಬರ್ 21ರಂದು ಪೋಪ್ ಆರನೆಯ ಪೌಲರು ಘೋಷಿಸಿದ ‘ಲೂಮೆನ್ ಜೆನ್ಸಿಯುಮ್’ ಸಂವಿಧಾನದ ಐದನೆಯ ಅಧ್ಯಾಯದ ವಿಷಯ ಇದೇ. ಇಲ್ಲಿ ಪವಿತ್ರತೆಯನ್ನು ಉಪವಾಸ, ಜಪ, ಯಾತ್ರೆಗಳ ಲೆಕ್ಕದಲ್ಲಿ ಅಳೆಯುವುದಿಲ್ಲ. ದೇವರನ್ನೂ ನೆರೆಯವರನ್ನೂ ಪ್ರೀತಿಸುವುದರಲ್ಲಿ ಎಷ್ಟು ಮುಂದೆ ಬಂದಿದ್ದಾರೆ ಎಂಬುದೇ ಅಳತೆ. ಆ ಪ್ರೀತಿಯೂ ಮನುಷ್ಯ ದುಡಿದು ಗಳಿಸಿದ್ದಲ್ಲ. ಮೊದಲಿಗೆ ಅದು ದೇವರ ವರಪ್ರಸಾದ, ಆಮೇಲೆ ಮನುಷ್ಯನ ಸಾಧನೆ.

ಮಠ ಸೇರದವರಿಗೂ ಮೋಕ್ಷವುಂಟು ಎಂದು ಧರ್ಮಸಭೆ ಯಾವತ್ತೂ ಹೇಳುತ್ತಿತ್ತು. ಮಹಾಸಭೆ ಅದಕ್ಕಿಂತ ದೊಡ್ಡ ಮಾತು ಹೇಳಿತು. ಅಡುಗೆಮನೆ, ಅಂಗಡಿ, ಕಚೇರಿ, ಹೊಲ ಇವು ಪವಿತ್ರತೆಗೆ ಅಡ್ಡಿಯಲ್ಲ. ಬಹುಪಾಲು ಜನರಿಗೆ ಪವಿತ್ರರಾಗಲು ಸಿಗುವ ಜಾಗ ಅವೇ.

ಹಳೆಯ ಪ್ರಶ್ನೆ

ಬೋಧನೆಯ ಬೇರು ಬೈಬಲಿನಲ್ಲಿದೆ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ, ಪವಿತ್ರರಾಗಿರಬೇಕೆಂಬ ಆಜ್ಞೆ ಬರುವುದು ಇಡೀ ಇಸ್ರಯೇಲ್ ಸಮುದಾಯಕ್ಕೆ, ಯಾಜಕರಿಗೆ ಮಾತ್ರವಲ್ಲ. ಆ ಆಜ್ಞೆಯ ಬೆನ್ನಿಗೇ ಬರುವ ವಿವರಗಳನ್ನು ಗಮನವಿಟ್ಟು ಓದಬೇಕು: ಕೊಯ್ಲಿನಲ್ಲಿ ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡಬೇಕು, ಕೂಲಿಯಾಳಿನ ಕೂಲಿಯನ್ನು ಮರುದಿನ ಬೆಳಗಿನ ತನಕ ಇಟ್ಟುಕೊಳ್ಳಬಾರದು, ಕಿವುಡನನ್ನು ಶಪಿಸಬಾರದು, ತಕ್ಕಡಿ ಮತ್ತು ಅಳತೆಯಲ್ಲಿ ಮೋಸ ಮಾಡಬಾರದು. ಪವಿತ್ರತೆಯ ವಿವರಣೆ ಇಲ್ಲಿ ಗದ್ದೆಗೂ ಸಂತೆಗೂ ಇಳಿದಿದೆ. ಹೊಸ ಒಡಂಬಡಿಕೆಯ ತಮ್ಮ ಪತ್ರಗಳಲ್ಲಿ ಸಂತ ಪೌಲರು ರೋಮಿನ ಮತ್ತು ಕೊರಿಂಥದ ವಿಶ್ವಾಸಿಗಳನ್ನೆಲ್ಲ ಸಂತರೆಂದೇ ಸಂಬೋಧಿಸುತ್ತಾರೆ. ಅದೇ ಕೊರಿಂಥದವರ ಜಗಳಗಳನ್ನೂ ಅನೈತಿಕತೆಯನ್ನೂ ಅದೇ ಪತ್ರದಲ್ಲಿ ಕಟುವಾಗಿ ಖಂಡಿಸುತ್ತಾರೆ. ಹೀಗೆ ‘ಸಂತ’ ಎಂಬುದು ಆರಂಭದಲ್ಲಿ ಸಾಧನೆ ಮುಗಿಸಿದವರ ಪದವಿಯಾಗಿರಲಿಲ್ಲ, ಸಾಧನೆಗೆ ಹೊರಟವರ ಗುರುತಾಗಿತ್ತು.

ಮೊದಲ ಶತಮಾನಗಳಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳನ್ನು ಜನ ಸಂತರೆಂದು ನೆನೆದರು. ಹಿಂಸೆ ನಿಂತ ಮೇಲೆ ಆ ಗೌರವ ಮರುಭೂಮಿಯ ಸನ್ಯಾಸಿಗಳ ಕಡೆಗೆ ತಿರುಗಿತು. ಈಜಿಪ್ಟಿನ ಸಂತ ಅಂತೋಣಿ 356ರಲ್ಲಿ ತೀರಿಕೊಂಡಾಗ ಸನ್ಯಾಸವೇ ಹೊಸ ರಕ್ತಸಾಕ್ಷ್ಯ ಎಂಬ ಭಾವನೆ ಬೇರೂರುತ್ತಿತ್ತು. ಹಾಗಾದರೆ ಮದುವೆಯಾದವರ ಗತಿಯೇನು? ಬ್ರಹ್ಮಚಾರಿಗಳಿಗೂ ವಿವಾಹಿತರಿಗೂ ದೇವರ ಮುಂದೆ ಒಂದೇ ಮನ್ನಣೆ ಎಂದು ವಾದಿಸಿದ ಜೊವಿನಿಯನ್ ಎಂಬ ಸನ್ಯಾಸಿಯನ್ನು ನಾಲ್ಕನೆಯ ಶತಮಾನದ ಕೊನೆಯಲ್ಲಿ ಪೋಪ್ ಸಿರಿಸಿಯಸ್ ಖಂಡಿಸಿದರು. ಸಂತ ಜೆರೋಮ್ ಅವನ ವಿರುದ್ಧ ಉಗ್ರವಾದ ಗ್ರಂಥವನ್ನೇ ಬರೆದರು. ಅದೇ ಕಾಲದಲ್ಲಿ ಪೂರ್ವದ ಸಂತ ಜಾನ್ ಕ್ರಿಸೊಸ್ತೋಮರು ಬೇರೆ ಕಡೆಯಿಂದ ಬಂದರು. ಕ್ರಿಸ್ತನ ಆಜ್ಞೆಗಳು ಸನ್ಯಾಸಿಗೊಂದು, ಸಂಸಾರಿಗೊಂದು ಎಂದು ಎರಡು ಬಗೆಯಾಗಿಲ್ಲ, ಸಂಸಾರಿಗೆ ರಿಯಾಯಿತಿಯೇನೂ ಇಲ್ಲ ಎಂದು ಅವರು ಪಟ್ಟುಹಿಡಿದರು.

ಮಧ್ಯಯುಗದ ಹೊತ್ತಿಗೆ ಒಂದು ವಿಂಗಡಣೆ ಗಟ್ಟಿಯಾಯಿತು: ಆಜ್ಞೆಗಳು ಎಲ್ಲರಿಗೆ, ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಶುಭಸಂದೇಶದ ಸಲಹೆಗಳು ಮಠದವರಿಗೆ. ಸಂತ ತೋಮಸ್ ಅಕ್ವಿನಾಸರು ಇದನ್ನು ಎಚ್ಚರದಿಂದ ವಿವರಿಸಿದ್ದಾರೆ. ಪರಿಪೂರ್ಣತೆಯ ಸಾರ ಇರುವುದು ಪ್ರೀತಿಯ ಆಜ್ಞೆಯಲ್ಲಿ, ಅದು ಎಲ್ಲರಿಗೂ ಸಲ್ಲುತ್ತದೆ. ಸಲಹೆಗಳು ಆ ಗುರಿ ಮುಟ್ಟಲು ಇರುವ ಸಾಧನಗಳು. ಅಂದರೆ ದೇವಶಾಸ್ತ್ರದಲ್ಲಿ ಎರಡು ದರ್ಜೆಯ ಕ್ರೈಸ್ತರು ಇರಲಿಲ್ಲ. ಆದರೆ ಚರ್ಚಿನ ಗೋಡೆಯ ಚಿತ್ರಗಳು, ಹಬ್ಬದ ಪ್ರಸಂಗಗಳು, ಸಂತರ ಪಟ್ಟಿ ಎಲ್ಲವೂ ಜನರಿಗೆ ಬೇರೆಯದನ್ನೇ ಕಲಿಸಿದವು. ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಮಠಜೀವನದ ಮೇಲ್ಮೆಯನ್ನೇ ಪ್ರಶ್ನಿಸಿ, ಮೋಚಿಯ ಕೆಲಸಕ್ಕೂ ದೇವರ ಕರೆಯಿದೆ ಎಂದಾಗ ಟ್ರೆಂಟ್ ಮಹಾಸಭೆ 1563ರಲ್ಲಿ ಬ್ರಹ್ಮಚರ್ಯದ ಹಿರಿಮೆಯನ್ನು ಮತ್ತೆ ಎತ್ತಿಹಿಡಿಯಿತು. ವಾದದ ಬಿಸಿಯಲ್ಲಿ ಸಂಸಾರಿಗಳ ಪವಿತ್ರತೆಯ ಮಾತು ಕಥೋಲಿಕರ ನಡುವೆ ಇನ್ನಷ್ಟು ಹಿಂದೆ ಸರಿಯಿತು ಎನ್ನಬೇಕು.

1622ರ ಮಾರ್ಚ್ 12ರಂದು ರೋಮಿನಲ್ಲಿ ಐವರಿಗೆ ಒಟ್ಟಿಗೆ ಸಂತ ಪದವಿ ಕೊಡಲಾಯಿತು. ಇಗ್ನೇಷಿಯಸ್ ಲೊಯೋಲ, ಫ್ರಾನ್ಸಿಸ್ ಕ್ಸೇವಿಯರ್, ಆವಿಲದ ತೆರೇಸ, ಫಿಲಿಪ್ ನೇರಿ ಈ ನಾಲ್ವರೂ ಧಾರ್ಮಿಕ ಸಂಸ್ಥೆಗಳನ್ನು ಕಟ್ಟಿ ಬೆಳೆಸಿದವರು. ಐದನೆಯವರು ಮ್ಯಾಡ್ರಿಡ್ ಬಳಿ ಒಡೆಯನ ಹೊಲ ಉಳುತ್ತಿದ್ದ ಇಸಿದೋರ್ ಎಂಬ ಮದುವೆಯಾದ ರೈತ. ಅಪರೂಪಕ್ಕೆ ಒಬ್ಬರು ಆ ಸಾಲಿಗೆ ಬಂದಿದ್ದರು ಎಂಬುದಕ್ಕೆ ಇದು ಸಾಕ್ಷಿ, ಎಷ್ಟು ಅಪರೂಪ ಎಂಬುದಕ್ಕೂ.

ಜಿನೀವಾದ ಬಿಷಪ್

ಬೋಧನೆಗೆ ಸಂಸಾರಿಗಳ ಭಾಷೆ ಕೊಟ್ಟವರು ಸಂತ ಫ್ರಾನ್ಸಿಸ್ ದ ಸಾಲ್ (1567–1622). ಸವಾಯ್ ಪ್ರಾಂತ್ಯದ ಕುಲೀನ ಮನೆತನದಲ್ಲಿ ಹುಟ್ಟಿ, ಪಾದುವಾದಲ್ಲಿ ಕಾನೂನು ಓದಿ, ಗುರುಪಟ್ಟ ಪಡೆದು, 1602ರಲ್ಲಿ ಜಿನೀವಾದ ಬಿಷಪ್ ಆದರು. ಜಿನೀವಾ ಆಗ ಕ್ಯಾಲ್ವಿನ್ ಪಂಥದವರ ಕೈಯಲ್ಲಿದ್ದುದರಿಂದ ಆನ್ಸಿ ಪಟ್ಟಣದಲ್ಲಿದ್ದುಕೊಂಡೇ ಧರ್ಮಕ್ಷೇತ್ರ ನಡೆಸಿದರು. ಅವರ ಬಂಧುವೊಬ್ಬರ ಪತ್ನಿ ಮದಾಮ್ ದ ಶಾರ್ಮ್ವಾಸಿ, ಲೌಕಿಕ ವ್ಯವಹಾರಗಳ ನಡುವೆ ಇದ್ದುಕೊಂಡು ಭಕ್ತಿಯಿಂದ ಬಾಳುವುದು ಹೇಗೆಂದು ಅವರನ್ನು ಕೇಳಿದರು. ಅವರಿಗೆ ಬರೆದ ಸಲಹೆಯ ಟಿಪ್ಪಣಿಗಳನ್ನು ಯೇಸುಸಭೆಯ ಗುರುವೊಬ್ಬರು ನೋಡಿ, ಅಚ್ಚು ಹಾಕಿಸುವಂತೆ ಒತ್ತಾಯಿಸಿದರು. 1609ರಲ್ಲಿ ಹೊರಬಂದ ಆ ಪುಸ್ತಕವೇ ‘ಭಕ್ತಿಜೀವನಕ್ಕೆ ಪ್ರವೇಶ’. ಫಿಲೊತೆಯ ಎಂಬ ಕಲ್ಪಿತ ಹೆಸರಿನ ಓದುಗಾರ್ತಿಯನ್ನು ಉದ್ದೇಶಿಸಿ ಬರೆದದ್ದು.

ಪುಸ್ತಕದ ಮೂರನೆಯ ಭಾಗ ಬಟ್ಟೆಬರೆ, ಮಾತುಕತೆ, ಆಟ, ನೃತ್ಯ, ಸ್ನೇಹ, ದಾಂಪತ್ಯ, ವೈಧವ್ಯದಂಥ ವಿಷಯಗಳಿಗೆ ಮೀಸಲು. ಬಿಷಪ್ ಆದವರು ಏಕಾಂತ ಸನ್ಯಾಸಿಯಂತಿರಲು ಹೊರಟರೆ, ಸಂಸಾರಿಗಳು ಕಪುಚಿನ್ ಮಠದವರಂತೆ ಬಿಡಿಗಾಸೂ ಕೂಡಿಡದಿದ್ದರೆ, ಕಸುಬುದಾರರು ದಿನವಿಡೀ ಚರ್ಚಿನಲ್ಲೇ ಕುಳಿತರೆ ಅದು ಭಕ್ತಿಯಲ್ಲ, ಭಕ್ತಿಯ ಕೆಡುಕು ಎಂಬುದು ಅವರ ನಿಲುವು. ತನ್ನ ನ್ಯಾಯವಾದ ಕೆಲಸಕ್ಕೆ ಅಡ್ಡ ಬರುವ ಭಕ್ತಿ ಸುಳ್ಳು ಭಕ್ತಿ. ದೊಡ್ಡ ತಪಸ್ಸಿನ ಅವಕಾಶ ಎಲ್ಲರಿಗೂ ಬರುವುದಿಲ್ಲ. ತಾಳ್ಮೆ, ಸೌಮ್ಯತೆ, ವಿನಯದಂಥ ಸಣ್ಣ ಗುಣಗಳಿಗೆ ಮಾತ್ರ ದಿನಕ್ಕೆ ಹತ್ತು ಸಲ ಅವಕಾಶ ಬರುತ್ತದೆ ಎಂದು ಅವರು ಓದುಗರಿಗೆ ಮತ್ತೆ ಮತ್ತೆ ನೆನಪಿಸುತ್ತಾರೆ. ಕೆಲಸದ ನಡುವೆ ಮನಸ್ಸನ್ನು ದೇವರ ಕಡೆ ತಿರುಗಿಸುವ ಒಂದು ಉಸಿರಿನ ಪ್ರಾರ್ಥನೆ, ಮಲಗುವ ಮುನ್ನ ಅಂತಃಕರಣದ ಪರೀಕ್ಷೆ, ಬಿದ್ದಾಗ ತನ್ನ ಮೇಲೆಯೇ ಸಿಟ್ಟಾಗದೆ ಎದ್ದು ನಡೆಯುವುದು ಇವು ಅವರು ಕಲಿಸಿದ ಅಭ್ಯಾಸಗಳು.

ಅವರ ಮಾರ್ಗದರ್ಶನದಲ್ಲಿದ್ದ ಜೇನ್ ದ ಶಾಂತಾಲ್ ನಾಲ್ಕು ಮಕ್ಕಳ ವಿಧವೆ. ಮೊದಲಿನ ಮಾರ್ಗದರ್ಶಕರು ಅವರ ಮೇಲೆ ಹೊರಿಸಿದ್ದ ಪ್ರಾರ್ಥನೆಯ ಕಟ್ಟುಪಾಡಿನಿಂದ ಮನೆಯಾಳುಗಳಿಗೆಲ್ಲ ಕಿರಿಕಿರಿಯಾಗುತ್ತಿತ್ತಂತೆ. ಹೊಸ ಬಿಷಪ್ಪರ ಮಾತು ಕೇಳತೊಡಗಿದ ಮೇಲೆ ಯಜಮಾನಿ ದಿನವೆಲ್ಲ ಪ್ರಾರ್ಥಿಸುತ್ತಾರೆ, ಆದರೂ ಯಾರಿಗೂ ತೊಂದರೆಯಿಲ್ಲ ಎಂದು ಆಳುಗಳು ಹೇಳಿಕೊಂಡರೆಂದು ಜೀವನಚರಿತ್ರೆಗಳು ದಾಖಲಿಸುತ್ತವೆ. ಈ ಬೋಧನೆಯ ಪರೀಕ್ಷೆ ಮನೆಯ ಉಳಿದವರ ಮುಖದಲ್ಲಿ ನಡೆಯುತ್ತದೆ ಎಂಬುದು ಇಷ್ಟು ಸರಳವಾಗಿ ಬೇರೆಲ್ಲೂ ಕಾಣುವುದಿಲ್ಲ. ಫ್ರಾನ್ಸಿಸರ ಹೆಸರು ಹೊತ್ತ ಆನ್ಸಿಯ ಧರ್ಮಪ್ರಚಾರಕರು 1840ರ ದಶಕದಲ್ಲಿ ವಿಶಾಖಪಟ್ಟಣಕ್ಕೆ ಬಂದರು. ಡಾನ್ ಬೊಸ್ಕೊ ಕಟ್ಟಿದ ಸಲೇಷಿಯನ್ ಸಂಸ್ಥೆಯೂ ಇವರ ಹೆಸರಿನದೇ. ಅದರ ಶಾಲೆಗಳು ಕರ್ನಾಟಕದಲ್ಲೂ ಇವೆ.

ಆಲಾನ್ಸೋನಿನ ದಂಪತಿ

ದಿನದ ಕೆಲಸದಲ್ಲೇ ಪವಿತ್ರತೆ ಕಾಣುವ ದಾರಿಯನ್ನು ಮಠದೊಳಗೂ ಕೆಲವರು ಹಿಡಿದಿದ್ದರು. ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದು 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿರುವುದನ್ನು ಅಭ್ಯಾಸ ಮಾಡಿದವರೆಂದು ಹೆಸರಾಗಿದ್ದಾರೆ. ಎರಡು ಶತಮಾನದ ನಂತರ ಅದೇ ಕಾರ್ಮೆಲ್ ಸಂಸ್ಥೆಯ ಲಿಸ್ಯೂ ಮಠದಲ್ಲಿ ಸಂತ ತೆರೇಸ (1873–97) ತಮ್ಮ ‘ಕಿರುದಾರಿ’ಯನ್ನು ಕಂಡುಕೊಂಡರು. ಬಟ್ಟೆ ಒಗೆಯುವಾಗ ಎದುರಿನ ಭಗಿನಿ ಎರಚುತ್ತಿದ್ದ ಕೊಳಕು ನೀರಿಗೆ ಮುಖ ತಿರುಗಿಸದಿರುವುದು, ಧ್ಯಾನದ ಹೊತ್ತಿನಲ್ಲಿ ಹಿಂದೆ ಕುಳಿತವರು ಮಾಡುತ್ತಿದ್ದ ಸಣ್ಣ ಸದ್ದನ್ನು ಸಹಿಸಿ ಅದನ್ನೇ ದೇವರಿಗೆ ಅರ್ಪಿಸುವುದು ಇಂಥವೇ ಅವರ ಸಾಧನೆಗಳು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. 1925ರಲ್ಲಿ ಸಂತರೆಂದೂ 1997ರಲ್ಲಿ ಧರ್ಮಸಭೆಯ ಪಂಡಿತರೆಂದೂ ಘೋಷಿತರಾದರು.

ತೆರೇಸರ ತಂದೆತಾಯಿಯ ಕಥೆ ಈ ವಿಷಯಕ್ಕೆ ಇನ್ನೂ ಹತ್ತಿರದ್ದು. ಲೂಯಿ ಮಾರ್ತಾನ್ (1823–94) ಗಡಿಯಾರ ರಿಪೇರಿಯವರು. ಝೆಲಿ (1831–77) ಲೇಸ್ ಹೆಣೆಯಿಸುವ ಉದ್ಯಮ ನಡೆಸಿದವರು. ಇಬ್ಬರಿಗೂ ಯೌವನದಲ್ಲಿ ಮಠ ಸೇರುವ ಹಂಬಲವಿತ್ತು, ಇಬ್ಬರನ್ನೂ ಮಠಗಳು ಸೇರಿಸಿಕೊಳ್ಳಲಿಲ್ಲ. ಲೂಯಿಗೆ ಲ್ಯಾಟಿನ್ ಬಾರದಿದ್ದದ್ದು ಕಾರಣ. 1858ರಲ್ಲಿ ಫ್ರಾನ್ಸಿನ ಆಲಾನ್ಸೋನ್ ಪಟ್ಟಣದಲ್ಲಿ ಮದುವೆಯಾದ ಮೇಲೂ ಕೆಲವು ತಿಂಗಳು ಅಣ್ಣತಂಗಿಯರಂತೆ ಬಾಳಿದರು. ಸಂಸಾರ ಮಾಡದಿರುವುದೇ ಪವಿತ್ರತೆ ಎಂಬ ಎಣಿಕೆ ಅಷ್ಟು ಆಳವಾಗಿ ಇಳಿದಿತ್ತು. ಪಾಪನಿವೇದನೆ ಕೇಳುತ್ತಿದ್ದ ಗುರುವೊಬ್ಬರು ತಿಳಿಹೇಳಿದ ಮೇಲೆ ಅವರ ದಾರಿ ಬದಲಾಯಿತು. ಹುಟ್ಟಿದ ಮಕ್ಕಳು ಒಂಬತ್ತು. ನಾಲ್ಕು ಎಳವೆಯಲ್ಲೇ ತೀರಿಕೊಂಡವು. ಉಳಿದ ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು.

ಆಲಾನ್ಸೋನಿನ ಸೂಜಿಲೇಸ್ ಸಾಮಾನ್ಯ ಕುಸುರಿಯಲ್ಲ. ಒಂದು ಚದರ ಸೆಂಟಿಮೀಟರಿಗೆ ಏಳು ಗಂಟೆಯ ಕೈಕೆಲಸ ಬೇಕು. ಯುನೆಸ್ಕೊ 2010ರಲ್ಲಿ ಅದನ್ನು ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿದೆ. ಒಬ್ಬೊಬ್ಬ ಕೆಲಸಗಾರ್ತಿಯೂ ತನ್ನ ಮನೆಯಲ್ಲೇ ಕುಳಿತು ಒಂದೊಂದು ತುಂಡು ಮಾಡಿ ತರುತ್ತಿದ್ದಳು. ಅವನ್ನೆಲ್ಲ ಹೊಲಿಗೆ ಕಾಣದಂತೆ ಕೂಡಿಸುವ ಅತಿ ಸೂಕ್ಷ್ಮದ ಕೆಲಸ ಝೆಲಿಯದು. ಉದ್ಯಮ ಬೆಳೆದಾಗ ಲೂಯಿ 1870ರಲ್ಲಿ ತಮ್ಮ ಅಂಗಡಿ ಬಿಟ್ಟುಕೊಟ್ಟು ಹೆಂಡತಿಯ ವ್ಯವಹಾರಕ್ಕೆ ಕೈಜೋಡಿಸಿದರು. ಆ ಕಾಲಕ್ಕೆ ಗಂಡಸೊಬ್ಬ ಹೀಗೆ ಮಾಡಿದ್ದು ಸಣ್ಣ ವಿಷಯವಲ್ಲ. ಝೆಲಿ ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅವುಗಳಲ್ಲಿ ದರ್ಶನ, ಪವಾಡಗಳ ಮಾತು ಹೆಚ್ಚಿಲ್ಲ. ಮಕ್ಕಳ ಜ್ವರ, ದಾದಿಯ ಹುಡುಕಾಟ, ಹೊತ್ತಿಗೆ ಮುಗಿಯದ ಬೇಡಿಕೆ, ಬೆಳಗಿನ ಬಲಿಪೂಜೆ, ಸುಸ್ತು, ಕೊನೆಗೆ ಎದೆಯ ಗಡ್ಡೆಯ ನೋವು ಇವೆ. ಕನ್ಯಾಸ್ತ್ರೀಯರ ವೇಷ ತೊಟ್ಟ ಇಬ್ಬರು ಹೆಂಗಸರು ಬಡ ಬಾಲಕಿಯೊಬ್ಬಳನ್ನು ಹಸಿವಿನಲ್ಲಿಟ್ಟು ಹಿಂಸಿಸುತ್ತಿದ್ದುದು ಗೊತ್ತಾದಾಗ ಆ ಮಗುವನ್ನು ಬಿಡಿಸಲು ದಂಪತಿ ಪೊಲೀಸರವರೆಗೂ ಹೋದರು. ಝೆಲಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಲೂಯಿ ಮಕ್ಕಳೊಂದಿಗೆ ಲಿಸ್ಯೂಗೆ ಹೋದರು. ಕೊನೆಯ ವರ್ಷಗಳಲ್ಲಿ ಮನಸ್ಸಿನ ಸ್ಥಿಮಿತ ಕಳೆದುಕೊಂಡು ಕಾನ್ ನಗರದ ಮಾನಸಿಕ ಆಸ್ಪತ್ರೆಯಲ್ಲಿದ್ದರು. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು. ದಂಪತಿಯಾಗಿ ಜೊತೆಗೇ ಆ ಪದವಿ ಪಡೆದವರಲ್ಲಿ ಇವರೇ ಮೊದಲಿಗರು.

ಮಹಾಸಭೆ ಮತ್ತು ನಂತರ

ಇಪ್ಪತ್ತನೆಯ ಶತಮಾನದಲ್ಲಿ ಶ್ರೀಸಾಮಾನ್ಯರ (ಗುರುಪಟ್ಟವಾಗಲಿ ಸನ್ಯಾಸವಾಗಲಿ ಪಡೆಯದ ವಿಶ್ವಾಸಿಗಳ) ಚಳವಳಿಗಳು ಈ ನೆಲವನ್ನು ಹದಮಾಡಿದವು. 1928ರಲ್ಲಿ ಸ್ಪೇನಿನ ಗುರು ಹೊಸೆಮರಿಯ ಎಸ್ಕ್ರಿವಾ ಸ್ಥಾಪಿಸಿದ ‘ಓಪುಸ್ ದೇಯಿ’ ದಿನನಿತ್ಯದ ಉದ್ಯೋಗವನ್ನೇ ಪವಿತ್ರತೆಯ ಸಾಧನವೆಂದು ಸಾರಿತು. ಮಹಾಸಭೆಯ ಕರಡಿನಲ್ಲಿ ಪವಿತ್ರತೆಯ ಮಾತು ಮೊದಲು ಧಾರ್ಮಿಕ ಸಂಸ್ಥೆಗಳ ಕುರಿತ ಭಾಗದೊಡನೆ ಬೆರೆತಿತ್ತು. ದೀರ್ಘ ಚರ್ಚೆಯ ಬಳಿಕ ಎಲ್ಲರ ಕರೆಗೆ ಐದನೆಯ ಅಧ್ಯಾಯ, ಸನ್ಯಾಸಿಗಳಿಗೆ ಆರನೆಯದು ಎಂದು ಬೇರ್ಪಡಿಸಿದರು. ಈ ಅನುಕ್ರಮದಲ್ಲೇ ಬೋಧನೆಯ ತಿರುಳಿದೆ. ಸಂವಿಧಾನದ ಪರವಾಗಿ 2,151 ಮತಗಳು, ವಿರುದ್ಧವಾಗಿ 5 ಬಿದ್ದವು. ಪವಿತ್ರತೆ ಒಂದೇ, ಅದನ್ನು ಬದುಕುವ ಬಗೆಗಳು ಹಲವು ಎಂದ ಮಹಾಸಭೆ ಬಿಷಪ್ಪರಿಂದ ಹಿಡಿದು ದಂಪತಿಗಳು, ವಿಧವೆಯರು, ಕೂಲಿಕಾರರು, ರೋಗಿಗಳವರೆಗೆ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಹೆಸರಿಸಿತು.

ಎರಡನೆಯ ಜಾನ್ ಪೌಲರು 1988ರ ಕೊನೆಗೆ ಹೊರಡಿಸಿದ ‘ಕ್ರಿಸ್ತಿಫಿದೇಲೆಸ್ ಲಾಯಿಚಿ’ ಮತ್ತು 2001ರ ‘ನೋವೊ ಮಿಲ್ಲೆನ್ನಿಯೊ ಇನೆಯುಂತೆ’ ಪತ್ರಗಳಲ್ಲಿ ಇದನ್ನು ಮುಂದುವರಿಸಿದರು. ಪೋಪ್ ಫ್ರಾನ್ಸಿಸರ ‘ಗೌದೇತೆ ಎತ್ ಎಕ್ಸುಲ್ತಾತೆ’ (2018) ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲು. ಅದರಲ್ಲಿ ಬರುವ ಒಂದು ಉದಾಹರಣೆ ಯಾರಿಗೂ ಪರಿಚಿತ: ಪೇಟೆಗೆ ಹೋದ ಹೆಣ್ಣುಮಗಳೊಬ್ಬಳು ನೆರೆಯವಳ ಚಾಡಿಮಾತಿಗೆ ಸೇರುವುದಿಲ್ಲ, ದಣಿದು ಮನೆಗೆ ಬಂದರೂ ಮಗುವಿನ ಮಾತಿಗೆ ಕಿವಿಗೊಡುತ್ತಾಳೆ, ಕಳವಳವಾದಾಗ ಜಪಮಾಲೆ ಹಿಡಿಯುತ್ತಾಳೆ, ಬೀದಿಯಲ್ಲಿ ಸಿಕ್ಕ ಬಡವನ ಜೊತೆ ನಿಂತು ಮಾತಾಡುತ್ತಾಳೆ. ಪಕ್ಕದ ಮನೆಯ ಸಂತರ ಈ ಚಿತ್ರದ ಜೊತೆಗೇ ಪೋಪರು ಎರಡು ಕೇಡುಗಳ ಬಗ್ಗೆ ಎಚ್ಚರಿಸುತ್ತಾರೆ: ಜ್ಞಾನವಿದ್ದರೆ ಸಾಕೆಂಬ ಭ್ರಮೆ ಮತ್ತು ಸ್ವಂತ ಶ್ರಮದಿಂದಲೇ ಎಲ್ಲ ಆಗುತ್ತದೆಂಬ ಅಹಂಕಾರ. ಅಷ್ಟಭಾಗ್ಯಗಳನ್ನೂ, ಹಸಿದವರಿಗೆ ಉಣಿಸಿದ್ದರ ಮೇಲೆ ತೀರ್ಪು ನಿಲ್ಲುವ ಮತ್ತಾಯನ 25ನೆಯ ಅಧ್ಯಾಯವನ್ನೂ ಅವರು ಬೋಧನೆಯ ನಡುಗಂಬವಾಗಿ ನಿಲ್ಲಿಸಿದ್ದಾರೆ.

ಈ ಬೋಧನೆಯ ದುರುಪಯೋಗವನ್ನೂ ಹೇಳದೆ ಬಿಡುವಂತಿಲ್ಲ. ದಿನದ ಕಷ್ಟವನ್ನು ದೇವರಿಗೆ ಅರ್ಪಿಸಬೇಕೆಂಬ ಉಪದೇಶ, ಕುಡಿದು ಹೊಡೆಯುವ ಗಂಡನೊಡನೆ ಬಾಳುವ ಹೆಣ್ಣಿಗೆ ‘ಇದು ನಿನ್ನ ಶಿಲುಬೆ, ಹೊತ್ತುಕೋ’ ಎಂಬ ಮಾತಾಗಿ ಬಂದು ಬಿದ್ದಿದೆ. ಕೂಲಿ ಕಡಿಮೆಯಾದ ಕಾರ್ಮಿಕನಿಗೆ ತಾಳ್ಮೆಯ ಪಾಠವಾಗಿಯೂ ಬಂದಿದೆ. ಇದು ಧರ್ಮಸಭೆಯ ಬೋಧನೆಗೇ ವಿರುದ್ಧ. ಸಂಗಾತಿಯಿಂದ ಜೀವಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದಾಗ ಬೇರೆ ಇರಲು ಧರ್ಮಸಭೆಯ ಕಾನೂನು ಅವಕಾಶ ಕೊಡುತ್ತದೆ. ದೌರ್ಜನ್ಯದಿಂದ ಪತ್ನಿಯನ್ನೂ ಮಕ್ಕಳನ್ನೂ ಕಾಪಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿ ಅಗತ್ಯವೇ ಆಗುತ್ತದೆಂದು ಪೋಪ್ ಫ್ರಾನ್ಸಿಸರ ‘ಅಮೋರಿಸ್ ಲೆತೀತಿಯ’ (2016) ಸ್ಪಷ್ಟಪಡಿಸಿದೆ. ಪರರ ಅನ್ಯಾಯವನ್ನು ಸಲೀಸು ಮಾಡಿಕೊಡುವ ತಾಳ್ಮೆಗೆ ಪವಿತ್ರತೆಯ ಹೆಸರು ಸಲ್ಲುವುದಿಲ್ಲ. ಕೂಲಿ ತಡೆಹಿಡಿಯಬಾರದೆಂಬ ಯಾಜಕಕಾಂಡದ ಮಾತು ಒಡೆಯನಿಗೆ ಹೇಳಿದ್ದು.

ಭಾರತ ಮತ್ತು ಕರ್ನಾಟಕ

ಸಂತ ಪದವಿ ಪಡೆದ ಮೊದಲ ಭಾರತೀಯ ಶ್ರೀಸಾಮಾನ್ಯರು ದೇವಸಹಾಯಂ. 1712ರಲ್ಲಿ ಈಗಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂನಲ್ಲಿ ಮೇಲ್ಜಾತಿಯ ಮನೆತನದಲ್ಲಿ ಹುಟ್ಟಿ, ತಿರುವಾಂಕೂರಿನ ಮಾರ್ತಾಂಡವರ್ಮನ ಆಳ್ವಿಕೆಯಲ್ಲಿ ಅಧಿಕಾರಿಯಾಗಿದ್ದರು, ವಿವಾಹಿತರು. ಡಚ್ ಸೇನಾನಿ ಡಿ ಲನ್ನೋಯ್ ಅವರ ಸಂಪರ್ಕದಿಂದ ಕ್ರಿಸ್ತನನ್ನು ಅರಿತು 1745ರಲ್ಲಿ ದೀಕ್ಷಾಸ್ನಾನ ಪಡೆದರು. ಕೆಳಜಾತಿಯೆನಿಸಿಕೊಂಡವರೊಡನೆ ಸರಿಸಮನಾಗಿ ಬೆರೆತರು. ಸೆರೆವಾಸ, ಚಿತ್ರಹಿಂಸೆಗಳ ಬಳಿಕ 1752ರಲ್ಲಿ ಕಾಟ್ಟಾಡಿಮಲೈಯಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. 2022ರ ಮೇ 15ರಂದು ಸಂತರೆಂದು ಘೋಷಿಸುವಾಗ ರೋಮ್ ಅವರ ಹೆಸರಿನಿಂದ ಜಾತಿಸೂಚಕವನ್ನು ಕೈಬಿಟ್ಟಿತ್ತು. ಅವರು ಬಾಳಿದ ರೀತಿಗೆ ಇದು ತಕ್ಕ ನಿರ್ಧಾರ.

ಕರಾವಳಿ ಕರ್ನಾಟಕಕ್ಕೆ ಹತ್ತಿರದ ಸಂತರು ಗೋವೆಯ ಗುರು ಜೋಸೆಫ್ ವಾಜ್ (1651–1711). 1681ರಿಂದ ಮೂರು ವರ್ಷ ಕೆನರಾ ಸೀಮೆಯಲ್ಲಿ ಸೇವೆ ಮಾಡಿದರು. ಮಂಗಳೂರು ಸಮೀಪದ ಮುಡಿಪು ಬೆಟ್ಟದಲ್ಲಿ ಅವರ ಪುಣ್ಯಕ್ಷೇತ್ರವಿದೆ. 1687ರಲ್ಲಿ ವೇಷ ಮರೆಸಿಕೊಂಡು ಸಿಂಹಳಕ್ಕೆ ಹೋದಾಗ, ಡಚ್ಚರ ನಿಷೇಧದಿಂದಾಗಿ ಅಲ್ಲಿ ಗುರುಗಳೇ ಇರಲಿಲ್ಲ. ವಿಶ್ವಾಸವನ್ನು ಉಳಿಸಿದ್ದವರು ಮನೆಯೊಳಗೆ ಪ್ರಾರ್ಥನೆ ಬಿಡದ ಸಂಸಾರಿಗಳು. ವಾಜರು ಮಾಡಿದ್ದು ಆ ಮನೆಗಳನ್ನು ಹುಡುಕಿ ಹೋಗುವ ಕೆಲಸ.

ಮನೆಯೇ ಮೊದಲ ಧರ್ಮಸಭೆ ಎಂಬ ಭಾವನೆ ಕರಾವಳಿಯ ಕಥೋಲಿಕರಲ್ಲಿ ಆಚರಣೆಯಾಗಿಯೇ ಉಳಿದಿದೆ. ಸಂಜೆ ಪೀಠದ ಮುಂದೆ ದೀಪ ಹಚ್ಚಿ ಮನೆಮಂದಿಯೆಲ್ಲ ಜಪಸರ ಹೇಳುವುದು, ಮುಗಿದ ಮೇಲೆ ಕಿರಿಯರು ಹಿರಿಯರ ಆಶೀರ್ವಾದ ಬೇಡುವುದು ಇಂದಿಗೂ ಹಲವು ಮನೆಗಳ ಪದ್ಧತಿ. ಮಾತೆ ಮರಿಯಳ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಬೆಂಗಳೂರು, ಮೈಸೂರು, ಶಿವಮೊಗ್ಗಗಳ ಧರ್ಮಕೇಂದ್ರಗಳಲ್ಲಿ ಬೇರೆ ಬಗೆಯ ರೂಢಿಗಳಿವೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಝನಾಮ್ ಎಂಬ ವಿದ್ಯಾರ್ಥಿ ಮತ್ತು ಸ್ನೇಹಿತರು ಕಟ್ಟಿದ ಸಂತ ವಿನ್ಸೆಂಟ್ ದ ಪೌಲ್ ಸಭೆಯ ಸದಸ್ಯರು ಇಲ್ಲಿಯೂ ಬಡವರ ಮನೆಗೆ ತಾವೇ ಹೋಗಿ ಬರುತ್ತಾರೆ. ಆದರೂ ನಮ್ಮ ಭಕ್ತರಿಗೆ ಸಂತರೆಂದರೆ ಹೆಚ್ಚಾಗಿ ಹರಕೆ ಸಲ್ಲಿಸಿ ವರ ಬೇಡುವ ಆಸರೆ. ಅದರಲ್ಲಿ ತಪ್ಪಿಲ್ಲ, ಸಂತರ ಮಧ್ಯಸ್ಥಿಕೆಯನ್ನು ಧರ್ಮಸಭೆ ಒಪ್ಪುತ್ತದೆ. ಆದರೆ ಅವರಂತೆ ಬಾಳುವ ಸರದಿ ತಮ್ಮದು ಎಂಬ ಮಾತು ಜಾತ್ರೆಯ ಪ್ರಸಂಗಗಳಲ್ಲಿ ಇನ್ನೂ ಗಟ್ಟಿಯಾಗಿ ಕೇಳಬೇಕಾಗಿದೆ.

ಸಂತರ ಪಟ್ಟಿಯ ಕೊರತೆ

ಸಂತ ಪದವಿಯ ಈಗಿನ ವಿಧಾನ 1983ರಲ್ಲಿ ರೂಪುಗೊಂಡದ್ದು. ವ್ಯಕ್ತಿ ತೀರಿಕೊಂಡು ಸಾಮಾನ್ಯವಾಗಿ ಐದು ವರ್ಷವಾದ ಮೇಲೆ ಸ್ಥಳೀಯ ಬಿಷಪ್ ವಿಚಾರಣೆ ಆರಂಭಿಸುತ್ತಾರೆ. ದೇವರ ಸೇವಕ, ಪೂಜ್ಯ, ಧನ್ಯ, ಸಂತ ಎಂಬ ಮೆಟ್ಟಿಲುಗಳಿವೆ. ರಕ್ತಸಾಕ್ಷಿಯಲ್ಲದವರು ಧನ್ಯರಾಗಲು ಒಂದು ಪವಾಡ, ಸಂತರಾಗಲು ಇನ್ನೊಂದು ದೃಢಪಡಬೇಕು. ನೇಪಲ್ಸಿನ ವೈದ್ಯ ಜುಸೆಪ್ಪೆ ಮೊಸ್ಕಾತಿ (1987), ಇಟಲಿಯ ಮಕ್ಕಳ ವೈದ್ಯೆ ಮತ್ತು ತಾಯಿ ಜಾನ್ನಾ ಬೆರೆತ್ತಾ ಮೊಲ್ಲಾ (2004), 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೊ ಘೋಷಿಸಿದ ಪಿಯೆರ್ ಜೋರ್ಜೊ ಫ್ರಸ್ಸಾತಿ ಮತ್ತು ಹದಿಹರೆಯದ ಕಾರ್ಲೊ ಅಕುತಿಸ್ ಈ ದಾರಿಯಲ್ಲಿ ಬಂದ ಶ್ರೀಸಾಮಾನ್ಯರು.

ಪಟ್ಟಿಯಲ್ಲಿ ಸಂಸಾರಿಗಳು ಈಗಲೂ ಕಡಿಮೆ. ಅವರಲ್ಲಿ ಪವಿತ್ರತೆ ಕಡಿಮೆಯೆಂದು ಇದರ ಅರ್ಥವಲ್ಲ. ವಿಚಾರಣೆಗೆ ದಶಕಗಳು ಹಿಡಿಯುತ್ತವೆ. ದಾಖಲೆ ಸಂಗ್ರಹ, ಸಾಕ್ಷಿಗಳ ಹೇಳಿಕೆ, ಅನುವಾದ, ವೈದ್ಯಕೀಯ ಪರಿಶೀಲನೆ ಎಲ್ಲಕ್ಕೂ ಹಣ ಬೇಕು. ಧಾರ್ಮಿಕ ಸಂಸ್ಥೆಯೊಂದು ತನ್ನ ಸ್ಥಾಪಕರಿಗಾಗಿ ತಲೆಮಾರುಗಳವರೆಗೆ ಈ ಕೆಲಸ ನಡೆಸಬಲ್ಲದು, ಒಂದು ಕುಟುಂಬಕ್ಕೆ ಅದು ಆಗದ ಮಾತು. ಕೈಯಲ್ಲಿ ಹಣವಿಲ್ಲದ ಪ್ರಕರಣಗಳಿಗೆ ನೆರವಾಗುವ ನಿಧಿಯ ವ್ಯವಸ್ಥೆ 2016ರ ನಿಯಮಗಳಲ್ಲಿದೆ. ಆದರೆ ದಾಖಲೆಯ ಸಮಸ್ಯೆಯನ್ನು ಹಣ ಬಗೆಹರಿಸಲಾರದು. ಝೆಲಿ ಮಾರ್ತಾನ್ ಓದುಬರಹ ಬಲ್ಲವರು. ಅವರ ಪತ್ರಗಳನ್ನು ಮನೆಯವರು ಜೋಪಾನ ಮಾಡಿದರು. ಮಗಳು ಜಗತ್ಪ್ರಸಿದ್ಧ ಸಂತಳಾಗಿದ್ದರಿಂದ ಅವನ್ನು ಓದುವವರೂ ಸಿಕ್ಕರು. ಅದೇ ಶತಮಾನದಲ್ಲಿ ಕೆನರಾದ ಗೇಣಿ ಗದ್ದೆಯಲ್ಲಿ ದುಡಿದು, ಮಕ್ಕಳನ್ನು ಸಾಕಿ, ತನ್ನ ಗಂಜಿಯಲ್ಲಿ ನೆರೆಯವರಿಗೆ ಪಾಲು ಕೊಟ್ಟ ಓದುಬರಹವಿಲ್ಲದ ತಾಯಿಯ ಬಗ್ಗೆ ಸಿಗುವುದು ಚರ್ಚಿನ ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳಲ್ಲಿನ ಮೂರು ಸಾಲು. ಆ ಮೂರು ಸಾಲಿನ ಮೇಲೆ ಯಾವ ವಿಚಾರಣೆಯೂ ನಿಲ್ಲುವುದಿಲ್ಲ. ಹೆಸರು ದಾಖಲಾಗದ ಇಂಥವರನ್ನೂ ಸೇರಿಸಿ ಧರ್ಮಸಭೆ ನವೆಂಬರ್ 1ರಂದು ಸಕಲ ಸಂತರ ಹಬ್ಬ ಆಚರಿಸುತ್ತದೆ.